ಕೆಳಗೇರಿಯ ಪಾಳಿ

ಓದುಗರೇ, ನಿಮ್ಮ ತಲೆಯ ಮೇಲೆ ಫ್ಯಾನು ತಿರುಗುತ್ತಿರುವಾಗ, ಅದು ತಿರುಗಲೆಂದು ಯಾರ ಮನೆಯ ಫ್ಯಾನು ನಿಂತಿದೆಯೆಂದು ನೀವು ಒಮ್ಮೆಯಾದರೂ ಕೇಳಿದ್ದೀರಾ? ಕೇಳಿರಲಾರಿರಿ. ಸರ್ವಮಂಗಳೆಯೂ ಕೇಳಿರಲಿಲ್ಲ. ಆಕೆ ಕೆಟ್ಟವಳಲ್ಲ, ಸೋಮಾರಿಯಲ್ಲ. ಊರಿನ ಒಳಿತಿಗಾಗಿ ತನ್ನ ಪ್ರಾಯದ ಹದಿಮೂರು ವರ್ಷಗಳನ್ನು ಸವೆಸಿದವಳು. ಅಂಥವಳೂ ಕೇಳಲು ಮರೆತ ಒಂದು ಪ್ರಶ್ನೆ ಏನನ್ನು ಮಾಡಿತೆಂಬುದನ್ನು ತಿಳಿಸಲು ಈ ಕಥೆಯನ್ನು ಹೇಳಬೇಕಾಗಿದೆ.

ಆ ಹೊತ್ತಿಗೆ ಬಿಳಿಮರಡಿಯ ಕೆರೆ ಬತ್ತಿ ಮೂವತ್ತು ವರ್ಷಗಳು ಕಳೆದಿದ್ದವು. ನೀರಿಲ್ಲದ ಆ ಕೆರೆಯಂಗಳವನ್ನು ಐವತ್ತು ವರ್ಷದ ಗುತ್ತಿಗೆಗೆ ಕೇಳಿಕೊಂಡು ದೊಡ್ಡದೊಂದು ವಿದ್ಯುತ್ ಕಂಪನಿ ಬಂದಾಗ ಊರು ಒಪ್ಪಲಿಲ್ಲ. ಕೆರೆ ನಮ್ಮದು, ಅದರ ಮೇಲೆ ಬೀಳುವ ಬಿಸಿಲೂ ನಮ್ಮದೇ ಎಂದು ಹಟ ಹಿಡಿದು, ಮುನ್ನೂರ ತೊಂಬತ್ತೆರಡು ಮನೆಗಳು ಸೇರಿ ಒಂದು ಸಹಕಾರ ಸಂಘ ಕಟ್ಟಿದವು. ಮನೆಗೊಂದು ಪಾಲು, ಪಾಲಿಗೊಂದು ಮತ. ಕೆರೆಯಂಗಳದ ತುಂಬ ಸೌರಫಲಕಗಳು ಹರಡಿಕೊಂಡವು; ಮರಡಿಯ ನೆತ್ತಿಯಲ್ಲಿ ಮೂರು ಗಾಳಿಯಂತ್ರಗಳು ನಿಂತವು. ಹೆಚ್ಚಾದ ವಿದ್ಯುತ್ತನ್ನು ಏರಿಯ ಹಿಂದಿನ ಉದ್ದನೆಯ ಕೊಟ್ಟಿಗೆಯಲ್ಲಿ ಕಬ್ಬಿಣದ ಬ್ಯಾಟರಿಗಳು ಕೂಡಿಟ್ಟುಕೊಳ್ಳುತ್ತಿದ್ದವು. ಕಬ್ಬಿಣ ತುಕ್ಕು ಹಿಡಿಯುವಾಗ ವಿದ್ಯುತ್ತು ಕೊಡುತ್ತದೆ, ವಿದ್ಯುತ್ತು ಹಾಯಿಸಿದರೆ ತುಕ್ಕು ಬಿಟ್ಟು ಮತ್ತೆ ಕಬ್ಬಿಣವಾಗುತ್ತದೆ. ಅವುಗಳ ಗುಟ್ಟು ಇಷ್ಟೇ. ಹಳೆಯ ತೂಬಿನ ಪಕ್ಕದಲ್ಲಿ, ಏರಿಯ ಮೇಲೆ, ಸಂಘದ ನಿಯಂತ್ರಣ ಕೊಠಡಿ ಎದ್ದಿತು. ಅದರ ಎಂಜಿನಿಯರೇ ಸರ್ವಮಂಗಳ.

ಗಾಳಿ ನಿಂತು ಫಲಕಗಳ ಮೇಲೆ ಧೂಳು ಕೂತ ದಿನ ಇದ್ದುದನ್ನು ಹೇಗೆ ಹಂಚಬೇಕು? ಬೇರೆ ಊರುಗಳ ಸಂಘಗಳು ಈ ಪ್ರಶ್ನೆಯಿಂದಲೇ ಜಗಳವಾಡಿ ಒಡೆದಿದ್ದವು. ಸರ್ವಮಂಗಳೆಗೆ ಹೊಳೆದ ಉಪಾಯ ಹೊಸದಾಗಿತ್ತು. ಮನುಷ್ಯರ ಮಾತನ್ನು ಕೇಳಿ, ಮರುಪ್ರಶ್ನೆ ಹಾಕಿ, ಅವರ ವಿವೇಕವನ್ನು ಅವರಿಂದಲೇ ಕಲಿಯುವ ಯಂತ್ರಗಳು ಆ ಕಾಲಕ್ಕೆ ಬಂದಿದ್ದವು. ಹಾಗಾದರೆ ನೂರಾರು ವರ್ಷ ಕೆರೆಯ ನೀರನ್ನು ಜಗಳವಿಲ್ಲದೆ ಹಂಚಿದ ನೀರುಗಂಟಿಯ ವಿವೇಕವನ್ನೇ ಯಂತ್ರಕ್ಕೆ ಕಲಿಸಿದರೆ? ಕೆರೆಯ ತೂಬು ಎತ್ತಿ, ಗದ್ದೆಗದ್ದೆಗೆ ಪಾಳಿಯಂತೆ ನೀರು ಬಿಡುವವನು ನೀರುಗಂಟಿ. ಬಿಳಿಮರಡಿಯ ಕೊನೆಯ ನೀರುಗಂಟಿ ಕೆಂಚಪ್ಪ ಇನ್ನೂ ಬದುಕಿದ್ದ, ಎಂಬತ್ತೊಂದರ ಮುದುಕ. ಯಂತ್ರದ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಸರ್ವಮಂಗಳ ನಲವತ್ತು ದಿನ ಅವನೊಂದಿಗೆ ಒಣಗಿದ ಕಾಲುವೆಗಳ ಗುಂಟ ನಡೆದಳು. ಅವನು ಹೇಳುತ್ತ ಹೋದ, ಯಂತ್ರ ಕಲಿಯುತ್ತ ಹೋಯಿತು. ಅವನ ಜ್ಞಾನದ ಜೊತೆಗೆ ಅವನ ದನಿಯನ್ನೂ ಕಲಿಯಿತು. ಜನ ಅದಕ್ಕೂ ಗಂಟಿ ಎಂದೇ ಹೆಸರಿಟ್ಟರು. ಕರೆಂಟು ತೆಗೆಯಬೇಕಾದಾಗ ಕಂಬದ ಮೇಲಿನ ಧ್ವನಿವರ್ಧಕದಲ್ಲಿ ಕೆಂಚಪ್ಪನ ದನಿ ಏರಿಯ ಮೇಲಿಂದ ಕೂಗಿದಂತೆಯೇ ಕೂಗುತ್ತಿತ್ತು: "ನಿಮ್ ಪಾಳಿ ಮುಗೀತು. ತಾಳ್ರಪ್ಪಾ, ಬರ್ತೈತೆ."

ಮೂರು ವರ್ಷ ಒಂದೇ ಒಂದು ಜಗಳವಾಗಲಿಲ್ಲ. ಸುದ್ದಿ ಹಬ್ಬಿತು. ಸುತ್ತಲಿನ ಇಪ್ಪತ್ತೊಂದು ಹಳ್ಳಿಗಳು ತಾವೂ ಸಂಘ ಕಟ್ಟಿ, ಬಿಳಿಮರಡಿಯ ಒಕ್ಕೂಟಕ್ಕೆ ಸೇರಿ, ಇಂಥದೇ ಗಂಟಿಯನ್ನು ತಮ್ಮ ನೀರುಗಂಟಿಗಳಿಂದ ಕಲಿಸಿ ತಮ್ಮೂರಲ್ಲಿ ಕೂಡಿಸಿಕೊಳ್ಳಬೇಕೆಂದು ಮುಂದೆ ಬಂದವು. ಬರುವ ಸೋಮವಾರ ಅವುಗಳ ಪ್ರತಿನಿಧಿಗಳು ಬಿಳಿಮರಡಿಗೆ ಬಂದು ಸಹಿ ಹಾಕುವವರಿದ್ದರು. ಹಾಕದಿದ್ದರೆ ಆ ಇಪ್ಪತ್ತೊಂದು ಕೆರೆಯಂಗಳಗಳನ್ನು ನುಂಗಲು ಅದೇ ಕಂಪನಿ ಗುತ್ತಿಗೆಪತ್ರ ಹಿಡಿದು ಕಾಯುತ್ತಿತ್ತು. ಹದಿಮೂರು ವರ್ಷದ ದುಡಿಮೆ ಆ ಒಂದು ಸೋಮವಾರದ ಮೇಲೆ ನಿಂತಿತ್ತು.

ಅದರ ಹಿಂದಿನ ಬುಧವಾರದ ಬೆಳಿಗ್ಗೆ. ಏಪ್ರಿಲ್ ತಿಂಗಳು. ಆರು ದಿನದಿಂದ ಯಂತ್ರ ತಿರುಗಿಸುವಷ್ಟು ಗಾಳಿಯಿಲ್ಲ. ಹಿಂದಿನ ದಿನ ಗಳಿಗೆ ಹೊತ್ತು ಎದ್ದ ಸುಂಟರಗಾಳಿಯೊಂದು ಕೆರೆಯಂಗಳದ ಫಲಕಗಳ ಮೇಲೆಲ್ಲ ಕೆಮ್ಮಣ್ಣು ಬಳಿದು ಹೋಗಿತ್ತು. ಮಧ್ಯಾಹ್ನದ ಶಾಖ ನಲವತ್ತೇಳು ಡಿಗ್ರಿ ಮುಟ್ಟುವುದೆಂದು ಮುನ್ಸೂಚನೆ ಬಂದಿತ್ತು. ಅಂಥ ದಿನಗಳಲ್ಲಿ ಹನ್ನೊಂದರಿಂದ ಐದರವರೆಗೆ ಯಾರೂ ಹೊರಗಿರಕೂಡದು. ಬೀದಿಗೊಂದರಂತೆ ಕಟ್ಟಿದ ತಂಪುಕೋಣೆಗಳಲ್ಲಿ ಇರಬೇಕು, ಇಲ್ಲವೇ ಕೂಲರ್ ಇರುವ ಮನೆಗಳಲ್ಲಿ. ದಪ್ಪ ಗೋಡೆಯ, ಕಿಟಕಿಯಿಲ್ಲದ ಆ ಕೋಣೆಗಳು ಯಂತ್ರ ಓಡುವಷ್ಟು ಹೊತ್ತು ತಾಯಿಯ ಮಡಿಲು. ನಿಂತರೆ ಮುಚ್ಚಿದ ಒಲೆ.

ಫಲಕ ತೊಳೆಯುವ ಕೆಲಸ ಕೆಳಗೇರಿಯ ಹನ್ನೆರಡು ಹೆಂಗಸರದು. ಊರಿನವರು ಒಂದು ಕಾಲಕ್ಕೆ ಮುಟ್ಟದಿದ್ದವರ ಕೇರಿ ಅದು. ಕಾಲುವೆಯ ಕಡೆಯ ತುದಿಯಲ್ಲಿತ್ತು. ಆ ಹೆಂಗಸರ ಮುಂದಾಳು ಸಣ್ಣೀರಮ್ಮ, ಕೆಂಚಪ್ಪನ ಮಗಳು. ಸರ್ವಮಂಗಳ ಮೈಕಿನಲ್ಲಿ ಕರೆದಾಗ ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಏರಿ ಹತ್ತಿ ಬಂದಳು.

"ಮಂಗಳಮ್ಮೋರೇ, ಈಗ ಕೂಗಿದ್ದು ನೀವಾ, ಇಲ್ಲಾ ನಮ್ಮಪ್ಪನಾ?"

"ನಾನೇ ಸಣ್ಣೀರಕ್ಕ. ನಿಮ್ಮಪ್ಪನ ದನಿ ಪಾಳಿ ಕೂಗೋಕೆ ಮಾತ್ರ."

"ಸದ್ಯ! ಮನೇಲಿ ಅಪ್ಪ ಬೈತಾನೆ, ಹೊರಗ್ ಬಂದ್ರೆ ಕಂಬದ ಮ್ಯಾಲಿಂದ್ಲೂ ಬೈತಾನೆ. ನಾನು ಎಲ್ಲಿಗಂತ ಓಡ್ಲಿ?" ಹಿಂದಿದ್ದ ಹೆಂಗಸರು ನಕ್ಕರು.

"ಇವತ್ತೊಂದಿನ ಎರಡು ಸುತ್ತು ಒರೆಸಿಕೊಡ್ರಕ್ಕಾ. ಬ್ಯಾಟರಿ ತಳ ಕಂಡೈತೆ. ಹನ್ನೊಂದಕ್ಕೆ ಬಿಟ್ಟು ನೆಟ್ಟಗೆ ತಂಪುಕೋಣೆಗೆ ಹೋಗಿ."

"ಎರಡು ಸುತ್ತು ಹನ್ನೊಂದಕ್ಕೆ ಮುಗೀತದಾ? ಲೆಕ್ಕ ನಿಮಗ್ ಬರಾಕಿಲ್ವೋ, ನಮಗ್ ಬರಾಕಿಲ್ವೋ!" ಸಣ್ಣೀರಮ್ಮ ಬಕೆಟ್ಟು ಎತ್ತಿಕೊಂಡಳು. "ಅದ್ಸರಿ, ಮಠದ ಬೀದಿ ಹೆಣ್ಮಕ್ಳೂ ಸಂಘದೋರೇ ಅಲ್ವಾ? ಅವ್ರ ಕೈಗೇನು ಮದರಂಗಿ ಹಾಕವ್ರಾ?"

ಸರ್ವಮಂಗಳ ನಕ್ಕಳು. ಮದರಂಗಿಯ ಮಾತು ತಮಾಷೆಯಲ್ಲವೆಂದು ಅವಳಿಗೆ ತಿಳಿಯದೆ ಇರಲಿಲ್ಲ. ನಕ್ಕುಬಿಟ್ಟರೆ ಉತ್ತರ ಕೊಡುವ ಕಷ್ಟ ತಪ್ಪುತ್ತದೆ.

ಎರಡನೆಯ ಸುತ್ತು ಮುಗಿದಾಗ ಹನ್ನೆರಡೂವರೆ. ಒಂದು ಗಂಟೆಗೆ ಸರ್ವಮಂಗಳ ಕೊಠಡಿಯನ್ನು ಯಂತ್ರಕ್ಕೆ ಒಪ್ಪಿಸಿ ಊಟಕ್ಕೆ ಮಠದ ಬೀದಿಯ ಮನೆಗೆ ಬಂದಳು. ಕೂಲರ್ ಹಾಯಾಗಿ ಗುಂಯ್‌ಗುಡುತ್ತಿತ್ತು. ತಾಯಿ ಶಿವಗಂಗಮ್ಮ ಮಗಳ ತಟ್ಟೆಗೆ ಅನ್ನ ಹಾಕಿ, ಇಂಗಿನ ಒಗ್ಗರಣೆಯ ಮಜ್ಜಿಗೆ ಬಡಿಸಿದಳು.

"ನಮ್ ಬೀದೀಲಿ ಮೂರು ವರ್ಷದಿಂದ ಒಂದಿನಾನೂ ಕರೆಂಟು ಹೋಗಿಲ್ಲ ನೋಡು. ಮೊನ್ನೆ ನಿಮ್ ಚಿಕ್ಕಮ್ಮ ಬಂದಿದ್ಲಲ್ಲ, ಅವಳಿಗೂ ಅದನ್ನೇ ಹೇಳ್ದೆ. ನಿನ್ನ ಗಂಟಿ ಬಲು ಧರ್ಮಾತ್ಮ."

ಸರ್ವಮಂಗಳೆಗೆ ಹೆಮ್ಮೆಯಾಯಿತು. ಮೂರು ವರ್ಷದಲ್ಲಿ ಒಂದು ದಿನವೂ ಇಲ್ಲ ಎಂದರೆ ಉಳಿದವರಿಗೆ ಎಷ್ಟು ದಿನ ಎಂಬ ಲೆಕ್ಕ, ನಾಲ್ಕನೆಯ ತರಗತಿಯ ಮಗುವಿಗೂ ಹೊಳೆಯಬೇಕಾದ ಲೆಕ್ಕ, ಎಂಜಿನಿಯರಿಂಗ್ ಓದಿದವಳಿಗೆ ಹೊಳೆಯಲಿಲ್ಲ. ಅದೇ ಹೊತ್ತಿಗೆ ದೂರದಿಂದ ಆ ದನಿ ತೇಲಿ ಬಂತು.

"ಕೆಳಗೇರಿ... ನಿಮ್ ಪಾಳಿ ಮುಗೀತು. ತಾಳ್ರಪ್ಪಾ, ಬರ್ತೈತೆ."

ಅವಳ ಕೈ ತಟ್ಟೆಯಲ್ಲಿ ಒಂದು ಕ್ಷಣ ನಿಂತಿತು. ಅರ್ಧ ಗಂಟೆಯ ಮಾತು, ಬ್ಯಾಟರಿ ಸ್ವಲ್ಪ ತುಂಬಿದರೆ ಗಂಟಿಯೇ ಬಿಡುತ್ತದೆ ಎಂದುಕೊಂಡಳು. ಊಟ ಮುಂದುವರಿಸಿದಳು.

ಗಂಟಿ ಬಿಡಲಿಲ್ಲ. ಮೂರು ಗಂಟೆಗೆ ಸರ್ವಮಂಗಳ ಕೊಠಡಿಗೆ ಮರಳಿದಾಗಲೂ ಪರದೆಯ ಮೇಲೆ ಕೆಳಗೇರಿ ಕಪ್ಪಾಗಿಯೇ ಇತ್ತು. ಯಾರೂ ಫೋನು ಮಾಡಿರಲಿಲ್ಲ. ಯಾರೂ ದೂರು ಕೊಡದಿದ್ದರೆ ತೊಂದರೆಯಿಲ್ಲವೆಂದು ಅವಳು ಓದಿದ ವಿದ್ಯೆ ಹೇಳಿತು. ಅವಳು ಸೋಮವಾರದ ಭಾಷಣ ತಿದ್ದುತ್ತ ಕೂತಳು. ನಾಲ್ಕೂಮುಕ್ಕಾಲಿಗೆ ಮರಡಿಯ ಮೇಲೆ ಗಾಳಿಯಂತ್ರದ ರೆಕ್ಕೆ ಸಣ್ಣಗೆ ಅಲುಗಿತು. ಐದಕ್ಕೆ ಕೆಳಗೇರಿ ಬೆಳಗಿತು. ಐದೂ ಹತ್ತಕ್ಕೆ ಮೊದಲ ಫೋನು ಬಂತು.

ಕೆಳಗೇರಿಯ ತಂಪುಕೋಣೆಯಲ್ಲಿ ನಲವತ್ಮೂರು ಜನ ಮೂರೂವರೆ ಗಂಟೆ ಕೂತಿದ್ದರು. ಸರ್ವಮಂಗಳ ಓಡಿ ಬಂದಾಗ ಮೂವರನ್ನು ಆಂಬುಲೆನ್ಸಿಗೆ ಏರಿಸುತ್ತಿದ್ದರು. ನಾಲ್ಕನೆಯವಳನ್ನು ಏರಿಸುವ ಅವಸರ ಯಾರಿಗೂ ಇರಲಿಲ್ಲ. ಒರೆಸುವ ಬಟ್ಟೆ ಇನ್ನೂ ಸೊಂಟದಲ್ಲಿ ಸಿಕ್ಕಿಸಿದ್ದ ಹಾಗೆಯೇ ಸಣ್ಣೀರಮ್ಮ ಜಗಲಿಯ ಮೇಲೆ ಮಲಗಿದ್ದಳು. ಬಿಸಿಲಿನಲ್ಲಿ ಆರು ಗಂಟೆ ದುಡಿದು ಬಂದ ಅವಳ ಮೈ ಆ ಕೋಣೆಯ ಕಾವನ್ನು ತಡೆದಿರಲಿಲ್ಲ.

"ಯಾಕೆ ಯಾರೂ ಫೋನ್ ಮಾಡ್ಲಿಲ್ಲ?" ಸರ್ವಮಂಗಳ ಬಾಗಿಲಲ್ಲಿ ನಿಂತು ಕೂಗಿದಳು. "ಹೊರಗಾದ್ರೂ ಬರಬಾರದಾಗಿತ್ತಾ? ನಾನು ಅಲ್ಲೇ ಇದ್ದೆನಲ್ಲ!"

ಸಣ್ಣೀರಮ್ಮನ ಜೊತೆ ಫಲಕ ಒರೆಸುತ್ತಿದ್ದ ಹನುಮಕ್ಕ ತಲೆಯೆತ್ತಿದಳು. "ಗಂಟಿ ತಾಳ್ರಪ್ಪಾ ಅಂದ ಮ್ಯಾಲೆ ತಾಳ್ಬೇಕಲ್ವಾ ತಾಯಿ. ಗಂಟಿ ಕೂಗಿಗೆ ಎದುರು ಮಾತಾಡೋದು ನಮ್ಮಾಗೆ ಇಲ್ಲ. ಸಣ್ಣೀರಕ್ಕನೂ ಅಂಗೇ ಅಂದ್ಲು. ನಮ್ಮಪ್ಪ ಬರ್ತೈತೆ ಅಂದ್ರೆ ಬರ್ತೈತೆ, ಕೂತ್ಕೊಳ್ರೇ ಅಂದ್ಲು."

ಮರುದಿನ ಬೆಳಿಗ್ಗೆ ನಿಯಂತ್ರಣ ಕೊಠಡಿಯ ಬಾಗಿಲು ಹಾಕಿಕೊಂಡು ಸರ್ವಮಂಗಳ ಮೂರು ವರ್ಷಗಳಲ್ಲಿ ಮೊದಲ ಬಾರಿ ಯಂತ್ರವನ್ನು ಪ್ರಶ್ನಿಸಿದಳು. ಈವರೆಗೆ ಎಷ್ಟು ಸಲ ಕರೆಂಟು ತೆಗೆದಿದ್ದೀಯೆ? ಇನ್ನೂರ ಹದಿನಾಲ್ಕು ಸಲ. ಯಾವ ಬೀದಿಗೆ ಎಷ್ಟು? ಪರದೆಯ ಮೇಲೆ ಐದು ಬೀದಿಗಳ ಹೆಸರು ಮೂಡಿದವು. ಕೆಳಗೇರಿ, ಇನ್ನೂರ ಹದಿನಾಲ್ಕು. ಅದರ ಮೇಲಿನ ಹೊಸಬೀದಿ, ಒಂಬತ್ತು. ನಡುಬೀದಿ, ಎರಡು. ಗೌಡರ ಬೀದಿ, ಸೊನ್ನೆ. ಮಠದ ಬೀದಿ, ಸೊನ್ನೆ.

"ಯಾಕೆ?"

ಯಂತ್ರ ಕೆಂಚಪ್ಪನ ದನಿಯಲ್ಲಿ, ಅವನದೇ ತಾಳ್ಮೆಯಲ್ಲಿ ಹೇಳಿತು: "ನೀರು ಕಮ್ಮಿ ಆದಾಗ ಕಡೇ ತೂಬು ಮೊದ್ಲು ಕಟ್ಬೇಕು. ತಲೆಗದ್ದೆಗೆ ಕೈ ಹಾಕಬಾರ್ದು. ಹಂಗೇ ನಡ್ಕೊಂಡು ಬಂದೈತೆ."

ಯಂತ್ರಕ್ಕೆ ದ್ವೇಷವಿಲ್ಲ, ಜಾತಿಯಿಲ್ಲ. ಕಲಿಸಿದ್ದನ್ನು ಮರೆಯದೆ ಒಪ್ಪಿಸುವ ಒಳ್ಳೆಯ ವಿದ್ಯಾರ್ಥಿ ಅದು. ಕಾಲುವೆಯ ತಲೆಯಲ್ಲಿ ಯಾರ ಗದ್ದೆಗಳಿದ್ದವೋ ಅವರೇ ಊರಿನ ಮೇಲಿನ ಬೀದಿಗಳಲ್ಲಿದ್ದರು; ಕಡೆಯ ತೂಬಿನ ತುಂಡು ನೆಲ ಕೆಳಗೇರಿಯವರದಾಗಿತ್ತು. ನೀರಿನ ನಕ್ಷೆಯ ಮೇಲೆ ವಿದ್ಯುತ್ತಿನ ನಕ್ಷೆಯನ್ನು ಹಾಸಿದವಳು ಸರ್ವಮಂಗಳೆಯೇ.

ಮಣ್ಣು ಮಾಡಿದ ಮೂರನೆಯ ದಿನ, ಶನಿವಾರ ಬೆಳಿಗ್ಗೆ, ಅವಳು ಕೆಂಚಪ್ಪನ ಮನೆಗೆ ಹೋದಳು. ಮುದುಕ ಬೇವಿನ ಮರದಡಿ ಗೋಡೆಗೊರಗಿ ಕೂತಿದ್ದ. ಅವಳು ಅವನೆದುರು ನೆಲದ ಮೇಲೆ ಕೂರಲು ಹೋದಾಗ ಗಾಬರಿಯಾಗಿ ಎದ್ದ.

"ಬ್ಯಾಡ ಕಣವ್ವ, ಮಣ್ಣಾಯ್ತದೆ. ಚಾಪೆ ತರ್ತೀನಿ ಇರು."

"ಕೂತ್ಕೊ ಅಜ್ಜ." ಅವಳು ನೆಲದ ಮೇಲೆಯೇ ಕೂತಳು. "ಯಂತ್ರನ ಕೇಳ್ದೆ. ಕಡೇ ತೂಬು ಮೊದ್ಲು ಕಟ್ಬೇಕು ಅಂತು."

"ನಾನ್ ಹೇಳ್ಕೊಟ್ಟಿದ್ದೇ ಅದು."

"ನಿಮ್ಮ ಕೇರೀದೇ ಕಡೇ ತೂಬು ಅಂತ ನಿಂಗೆ ಗೊತ್ತಿತ್ತಲ್ಲ ಅಜ್ಜಾ."

ಕೆಂಚಪ್ಪ ಮತ್ತೆ ಗೋಡೆಗೊರಗಿ ಕೂತ. "ಗೊತ್ತಿರ್ದೆ ಏನವ್ವಾ. ನಾನೇ ನಮ್ಮೋರ ತೂಬು ಕಟ್ತಿದ್ದೆ, ನನ್ ಕೈಯಾರೆ. ಒಂದ್ಸಲ ಕಟ್ದೆ ಬಿಟ್ಟಿದ್ದಕ್ಕೆ ನಮ್ಮಪ್ಪಂಗೆ ಹುಣಸೇ ಬರ್ಲಾಗೆ ಹೊಡ್ದಿದ್ರು ಗೌಡ್ರು. ಅದ್ನ ನಾನ್ ಕಂಡಿದ್ದೆ. ಪಾಳಿ ಅಂದ್ರೆ ನಂಗೆ ಅದೇ." ಅವನು ನೆಲಕ್ಕೆ ಕಣ್ಣಿಳಿಸಿದ. "ಒಂದಿನ ನಿನ್ನ ಕೇಳಿದ್ನಲ್ಲ, ನೆಪ್ಪೈತಾ? ಕಡೇ ತೂಬಿನತ್ರ ನಿಂತ್ಕೊಂಡು, ನಮ್ ಕೇರಿ ಪಾಳಿ ಏನಾರಾ ಬೇರೆ ಥರ ಹೇಳ್ಲಾ ಅವ್ವಾ ಅಂದೆ. ನೀನು, ಇದ್ದಂಗೇ ಹೇಳಜ್ಜ, ಹಳೇದು ಒಂದಕ್ಷರನೂ ಬದಲಾಗಬಾರ್ದು ಅಂದೆ."

ಅವಳಿಗೆ ನೆನಪಿತ್ತು. ಆ ಮಾತನ್ನು ಆಡಿದಾಗ ತನಗಾಗಿದ್ದ ಸಂತೋಷವೂ ನೆನಪಿತ್ತು. ಊರಿನ ಹಿರಿಯ ಜ್ಞಾನಕ್ಕೆ ತಾನು ತಲೆಬಾಗುತ್ತಿದ್ದೇನೆಂಬ ಧನ್ಯತೆಯಲ್ಲಿ, ಆ ಜ್ಞಾನದ ಮೈಮೇಲಿದ್ದ ಬರಲಿನ ಬಾಸುಂಡೆಯನ್ನು ಅವಳು ನೋಡಿರಲಿಲ್ಲ. ಹಳೆಯದೆಲ್ಲ ಪವಿತ್ರವೆಂದು ತಿಳಿದ ಓದಿದವರು ಮಾಡುವ ತಪ್ಪು ಇದು, ಮತ್ತು ಇದಕ್ಕೆ ಕ್ಷಮೆಯಿಲ್ಲ.

"ನನ್ ಮಗಳಿಗೆ ಕಡೇ ಸಲ ಕೇಳ್ಸಿದ್ದು ನನ್ ದನೀನೇ ಅಂತೆ," ಎಂದ ಕೆಂಚಪ್ಪ. "ತಾಳು ಅಂದ್ನಂತೆ."

ಅಂದು ಮಧ್ಯಾಹ್ನ ಸಂಘದ ಅಧ್ಯಕ್ಷ ರುದ್ರಮುನಿಯಪ್ಪನ ಮನೆಯ ನಡುಮನೆಯಲ್ಲಿ ಸರ್ವಮಂಗಳ ಎಲ್ಲವನ್ನೂ ಹೇಳಿದಳು. ಕಂಪನಿಯ ಯಂತ್ರಗಳಿಗೆ ಅಡ್ಡ ಮಲಗಿ ಒಂದು ಕಾಲು ಮುರಿಸಿಕೊಂಡಿದ್ದ ಮನುಷ್ಯ ಅವನು. ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕೊನೆಯವರೆಗೂ ಕೇಳಿದ.

"ಸೋಮವಾರ ಇದನ್ನ ಹೇಳ್ತೀಯಾ?"

"ಹೇಳಬೇಕು ದೊಡ್ಡಪ್ಪ. ಇಪ್ಪತ್ತೊಂದು ಊರಲ್ಲೂ ಒಬ್ಬೊಬ್ಬ ಗಂಟಿನ ಹಿಡ್ಕೊಂಡು ಇದನ್ನೇ ಕಲಿಸ್ತಾರೆ. ಇಪ್ಪತ್ತೊಂದು ಕೆಳಗೇರಿ ಆಯ್ತವೆ."

"ಹೇಳಿದ್ರೆ ಒಬ್ರೂ ಸಹಿ ಹಾಕಲ್ಲ. ಕಂಪನಿಯೋರು ಊರಾಚೆ ಕಾರು ನಿಲ್ಸ್ಕೊಂಡೇ ಅವ್ರೆ. ಅವ್ರ ಕೈಗೆ ಕೊಟ್ರೆ ದುಡ್ಡಿಲ್ದೋರ ಮನೆ ಎಲ್ಲಾ ಕೆಳಗೇರೀನೇ." ಅವನ ದನಿ ಇಳಿಯಿತು. "ಸಹಿ ಆಗ್ಲಿ. ಆಮೇಲೆ ಸದ್ದಿಲ್ದಂಗೆ ಪಾಳಿ ತಿದ್ದಿಬಿಡು. ಸಣ್ಣೀರಮ್ಮ ಬಿಸಿಲಿಗೆ ಹೋದ್ಲು. ಅದೂ ಸುಳ್ಳೇನಲ್ವಲ್ಲ."

"ಸದ್ದಿಲ್ದೆ ತಿದ್ದೋಕಾಗಲ್ಲ. ಪಾಳಿ ಬದಲಾಗಬೇಕಾದ್ರೆ ಸಭೇಲಿ ಓದಿ, ಕೈ ಎತ್ತಿಸ್ಬೇಕು. ಆ ನಿಯಮ ಬರೆದೋರು ನೀವೇ."

"ಹೌದು, ನಾನೇ," ಎಂದು ರುದ್ರಮುನಿಯಪ್ಪ ಕಣ್ಣು ಮುಚ್ಚಿಕೊಂಡ.

ಭಾನುವಾರವಿಡೀ ಅವಳು ಊಟ ಮಾಡಲಿಲ್ಲ. ಹೇಳಿದರೆ ಹದಿಮೂರು ವರ್ಷದ ದುಡಿಮೆ ಮಣ್ಣುಪಾಲು. ಹೇಳದಿದ್ದರೆ ಇಪ್ಪತ್ತೊಂದು ಊರುಗಳಲ್ಲಿ ಇಪ್ಪತ್ತೊಂದು ಸಣ್ಣೀರಮ್ಮಂದಿರು. ಹೇಳಿದ ಸತ್ಯ ಸಭೆಯನ್ನು ಸುಟ್ಟುಬಿಡುತ್ತದೆಂದೇ ಅವಳು ನಂಬಿದ್ದಳು. ಆ ನಂಬಿಕೆಯಲ್ಲಿ ಮನುಷ್ಯರ ಬಗ್ಗೆ ಎಷ್ಟು ಗೌರವವಿತ್ತೆಂಬುದು ಅವಳಿಗೆ ಮರುದಿನ ತಿಳಿಯಿತು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಶಾಲೆಯ ಸಭಾಂಗಣ ತುಂಬಿತು. ಮುಂದಿನ ಸಾಲುಗಳಲ್ಲಿ ಇಪ್ಪತ್ತೊಂದು ಊರಿನ ಪ್ರತಿನಿಧಿಗಳು, ಹಿಂದೆ ಬಿಳಿಮರಡಿಯ ಸದಸ್ಯರು, ಗೋಡೆಯ ಬದಿಗೆ ಕೆಳಗೇರಿಯವರು. ಸರ್ವಮಂಗಳ ಭಾಷಣದ ಹಾಳೆಯನ್ನು ಮಡಿಚಿಟ್ಟು, ಇನ್ನೂರ ಹದಿನಾಲ್ಕು ಕಡಿತಗಳ ಪಟ್ಟಿಯನ್ನು ದಿನಾಂಕದೊಡನೆ, ಬೀದಿಯ ಹೆಸರಿನೊಡನೆ ಗಟ್ಟಿಯಾಗಿ ಓದಿದಳು. ಕೆಳಗೇರಿ, ಕೆಳಗೇರಿ, ಕೆಳಗೇರಿ. ಓದಲು ಇಪ್ಪತ್ತು ನಿಮಿಷ ಹಿಡಿಯಿತು. ಕೊನೆಯಲ್ಲಿ ಬುಧವಾರದ ದಿನಾಂಕ ಓದಿ, ಸಣ್ಣೀರಮ್ಮನ ಹೆಸರು ಹೇಳಿದಳು. ಇದಕ್ಕೆ ತಾನು ಹೊಣೆಯೆಂದಳು. ಪಾಳಿಯನ್ನು ಎಲ್ಲ ಬೀದಿಗಳಿಗೂ ಸಮನಾಗಿ ತಿರುಗಿಸಬೇಕೆಂದು, ತಂಪುಕೋಣೆಗಳಿಗೆ ಯಾವ ಕಾರಣಕ್ಕೂ ಕೈ ಹಾಕಬಾರದೆಂದು ಠರಾವು ಮಂಡಿಸಿದಳು.

ಅವಳು ಬೆಂಕಿಗಾಗಿ ಕಾದಳು.

ಬೆಂಕಿ ಹತ್ತಲಿಲ್ಲ. ಗೌಡರ ಬೀದಿಯ ವೀರಭದ್ರಪ್ಪ ಎದ್ದು ನಿಂತು, ಆಗಿದ್ದು ದುಃಖದ ಸಂಗತಿಯೆಂದು ಕೈ ಮುಗಿದ. "ಆದ್ರೂ ಒಂದ್ ಮಾತು. ಮೂರು ವರ್ಷ ಜಗಳ ಇಲ್ದೆ ನಡೆದಿರೋ ಪದ್ಧತಿ. ಈಗ ಸಮಸಮ ಅಂತ ತಿರುಗ್ಸಿದ್ರೆ ದಿನಾ ಒಂದು ಬೀದಿ ಜಗಳ. ನಮ್ ಬೀದೀಲಿ ಹಾಲಿನ ಡೈರಿ ಐತೆ, ಹಿಟ್ಟಿನ ಗಿರಣಿ ಐತೆ. ಕೆಳಗೇರೀಗೆ ಬೇಕಾದ್ರೆ ಬೇರೆ ಬ್ಯಾಟರಿ ಕೊಡ್ಸಾಣ, ಮುಂದಿನ ವರ್ಷ. ನನ್ನ ಮಾತು ತಪ್ಪಾ?"

"ಜಗಳ ಯಾಕಿರ್ಲಿಲ್ಲ ಅಂದ್ರೆ, ಕತ್ತಲೇಲಿದ್ದೋರು ಬಾಯಿ ಬಿಡ್ಲಿಲ್ಲ!" ಸರ್ವಮಂಗಳ ಕೂಗಿದಳು.

"ಅದಕ್ಕೇ ಹೇಳಿದ್ದು, ಒಳ್ಳೇ ಪದ್ಧತಿ ಅಂತ," ಎಂದು ಹಿಂದಿನಿಂದ ಯಾರೋ ಅಂದರು. ಕೆಲವರು ನಕ್ಕರು.

ಕೈ ಎತ್ತಿಸಲಾಯಿತು. ಠರಾವಿನ ಪರವಾಗಿ ಎಂಬತ್ತಾರು ಕೈಗಳು: ಕೆಳಗೇರಿಯ ಎಂಬತ್ತೊಂದು, ಹೊಸಬೀದಿಯ ನಾಲ್ಕು, ಮಠದ ಬೀದಿಯಿಂದ ಒಂದೇ ಒಂದು. ಉಳಿದವು ವಿರುದ್ಧ. ಮನೆಗೊಂದು ಮತ, ಎಲ್ಲ ಮತಗಳೂ ಸಮ. ನಿಯಮದಂತೆ ನಡೆದ, ಯಾವ ನ್ಯಾಯಾಲಯವೂ ತಪ್ಪು ಹಿಡಿಯಲಾರದ ಅನ್ಯಾಯ. ರುದ್ರಮುನಿಯಪ್ಪನ ಕೈ ಕೋಲಿನ ಮೇಲಿಂದ ಅರ್ಧ ಎದ್ದು ಮತ್ತೆ ಅಲ್ಲೇ ಕೂತಿತು.

ಇಪ್ಪತ್ತೊಂದು ಊರಿನವರೂ ಸಹಿ ಹಾಕಿದರು! ಯಾರೂ ಹಿಂಜರಿಯಲಿಲ್ಲ. ಸಹಿ ಮಾಡಿದ ಪ್ರತಿನಿಧಿಯೊಬ್ಬ ಸರ್ವಮಂಗಳೆಯ ಹತ್ತಿರ ಬಂದು ಸಮಾಧಾನದ ದನಿಯಲ್ಲಿ ಹೇಳಿದ: "ನೀವು ಮುಚ್ಚಿಡದೆ ಹೇಳಿದ್ದು ಬಾಳ ಚಲೋ ಆಯ್ತು ತಾಯಿ. ಪದ್ಧತಿ ಹೊಸದೇನೋ ಅಂತ ನಮ್ಮೋರಿಗೆ ಭಯ ಇತ್ತು. ನಮ್ಮೂರಾಗೂ ಗಂಟಿ ಅವ್ನೆ. ಎಲ್ಲಾ ಹಿಂಗೇ."

ಸಭೆ ಮುಗಿದು ಜನ ಊಟಕ್ಕೆ ಎದ್ದಾಗ ಕೆಂಚಪ್ಪ ಕೋಲೂರಿಕೊಂಡು ಅವಳ ಬಳಿ ಬಂದ.

"ನನ್ ದನಿ ನಂಗೆ ಕೊಟ್ಬಿಡವ್ವಾ."

"ಅಜ್ಜಾ..."

"ಪಾಳಿ ಅವ್ರದು. ಕೈ ಎತ್ತಿ ಇಟ್ಕಂಡ್ರು. ದನಿ ನಂದು. ನಮ್ ಕೇರೀನ ಕಟ್ಟಾಕೆ ಇನ್ನ ಅದು ಬ್ಯಾಡ. ಕೊಟ್ಬಿಡು."

ಅದಕ್ಕೆ ಸಭೆಯ ಒಪ್ಪಿಗೆ ಬೇಕಿರಲಿಲ್ಲ. ಇಬ್ಬರೂ ಏರಿಯ ಮೇಲೆ ನಡೆದರು. ಕೊಠಡಿಯಲ್ಲಿ ಅವಳು ಮುದುಕನನ್ನು ತನ್ನ ಕುರ್ಚಿಯ ಮೇಲೆ ಕೂರಿಸಿ, ಅವನೆದುರಿಗೇ ಅವನ ದನಿಯನ್ನು ಯಂತ್ರದಿಂದ ಅಳಿಸಿದಳು. ಅಳಿಸುವ ಮೊದಲು ಯಂತ್ರ ಕೊನೆಯದಾಗಿ, ಖಚಿತವೇ ಎಂದು ಅವನ ದನಿಯಲ್ಲೇ ಕೇಳಿತು. "ಊಂ," ಎಂದ ಕೆಂಚಪ್ಪ.

ಮೂರನೆಯ ದಿನ ಗಾಳಿ ಮತ್ತೆ ನಿಂತಿತು. ಮಧ್ಯಾಹ್ನ ಹನ್ನೆರಡೂ ಇಪ್ಪತ್ತಕ್ಕೆ ಕೆಳಗೇರಿಯ ಕರೆಂಟು ಸದ್ದಿಲ್ಲದೆ ಹೋಯಿತು. ಯಾರೂ ಕೂಗಲಿಲ್ಲ, ಯಾರೂ ತಾಳಿರೆನ್ನಲಿಲ್ಲ. ತಂಪುಕೋಣೆಯೊಳಗೆ ಹನುಮಕ್ಕ ಕಿವಿಗೊಟ್ಟು ಕಾದಳು. ಕಂಬ ಮೂಕವಾಗಿತ್ತು. ತಾಳೆಂದು ಹೇಳುವವರು ಯಾರೂ ಇಲ್ಲದಿದ್ದಾಗ ತಾಳುವುದು ಹೇಗೆಂದು ಕೆಳಗೇರಿಗೆ ತಿಳಿಯಲಿಲ್ಲ. ಬಾಗಿಲು ತೆರೆದು, ತಲೆಯ ಮೇಲೆ ಒದ್ದೆ ಗೋಣಿತಾಟು ಹಾಕಿಕೊಂಡು, ಕೋಣೆಯಲ್ಲಿದ್ದವರೂ ಮನೆಗಳಲ್ಲಿದ್ದವರೂ ಸೇರಿ ಎಂಬತ್ತೊಂದು ಮನೆಯವರು ಮಠದ ಬೀದಿಯ ತಂಪುಕೋಣೆಯತ್ತ ನಡೆದರು. ಅಲ್ಲಿ ಬಾಗಿಲು ತೆರೆಯಲಿಲ್ಲ. ಒಳಗಿನವರು ಚಿಲಕ ಹಾಕಿಕೊಂಡಿದ್ದರು. ಸಭೆ ಉಳಿಸಿಕೊಂಡ ಪಾಳಿಯನ್ನು ಮೀರಿ ಕರೆಂಟು ಬಿಡುವ ಅಧಿಕಾರವಿಲ್ಲದ ಸರ್ವಮಂಗಳ ಬಂದು, ತನ್ನ ಹೆಸರು ಹೇಳಿ ಬಾಗಿಲು ಬಡಿದಳು. ಆಗಲೂ ತೆರೆಯಲಿಲ್ಲ. ಸಂಜೆಯೊಳಗೆ ಇಬ್ಬರು ಬಿದ್ದರು. ಒಬ್ಬ ಮುದುಕಿ ಏಳಲಿಲ್ಲ.

ಮರುದಿನ ಬೆಳಿಗ್ಗೆ ಫಲಕ ತೊಳೆಯಲು ಯಾರೂ ಬರಲಿಲ್ಲ. ಹನ್ನೆರಡು ಬಕೆಟ್ಟುಗಳು ಏರಿಯ ಮೇಲೆ ಬೋರಲು ಬಿದ್ದಿದ್ದವು. ಅದರ ಮರುದಿನವೂ ಬರಲಿಲ್ಲ. ರುದ್ರಮುನಿಯಪ್ಪ ಹೇಳಿ ಕಳಿಸಿದ, ಹನುಮಕ್ಕ ಒಂದೇ ಮಾತಿನ ಉತ್ತರ ಕಳಿಸಿದಳು: "ಸಂಘ ಎಲ್ರುದೂ. ಬಕೀಟೂ ಎಲ್ರುದೂ." ಕೆಮ್ಮಣ್ಣಿನ ಧೂಳು ಪದರ ಪದರವಾಗಿ ಕೂತಿತು. ಯಂತ್ರ ತಾನು ಕಲಿತ ಪಾಠವನ್ನು ಚಾಚೂ ತಪ್ಪದೆ ನಡೆಸಿತು: ಕಡೆಯ ತೂಬು ಮೊದಲು, ಆಮೇಲೆ ಅದರ ಮೇಲಿನದು, ಆಮೇಲೆ ಅದರ ಮೇಲಿನದು. ಕೆಳಗೇರಿ ಆರಿತು. ಹೊಸಬೀದಿ ಆರಿತು. ನಡುಬೀದಿ, ಗೌಡರ ಬೀದಿ.

ಐದನೆಯ ದಿನ ಮಧ್ಯಾಹ್ನ ಒಂದೂವರೆಗೆ, ಮಠದ ಬೀದಿಯ ಮನೆಯಲ್ಲಿ, ಶಿವಗಂಗಮ್ಮ ಮಗಳಿಗೆ ಮಜ್ಜಿಗೆ ಬಡಿಸುತ್ತಿದ್ದಾಗ ಕೂಲರಿನ ಗುಂಯ್‌ಗಾಟ ತಗ್ಗುತ್ತ ತಗ್ಗುತ್ತ ನಿಂತಿತು. ಆಕೆ ಸೌಟು ಹಿಡಿದ ಹಾಗೆಯೇ ಮೇಲೆ ನೋಡಿದಳು. ಫ್ಯಾನಿನ ಮೂರು ರೆಕ್ಕೆಗಳು ಒಂದೊಂದಾಗಿ ಕಣ್ಣಿಗೆ ಕಾಣತೊಡಗಿದವು.

"ಮಂಗಳಾ, ಏನಾಯ್ತೇ? ಹೋಗಿ ನೋಡೇ!"

ಸರ್ವಮಂಗಳ ಏಳಲಿಲ್ಲ. ಸರಿಮಾಡಲು ಅಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಹೊರಗೆ ಬೀದಿಯಲ್ಲಿ ಬಾಗಿಲುಗಳು ತೆರೆಯುವ ಸದ್ದು, ಗಾಬರಿಯ ಮಾತುಗಳು ಕೇಳಿದವು. ಕಂಬದ ಕಡೆ ಕಿವಿಯಿಟ್ಟು ಅವಳು ಒಂದು ಗಳಿಗೆ ಕಾದಳು. ಅವಳಿಗೆ ತಾಳೆನ್ನುವ ದನಿಯೂ ಇರಲಿಲ್ಲ. ಆಮೇಲೆ ಎದ್ದು, ಹಿತ್ತಲಿನಿಂದ ಒಂದು ಬಕೆಟ್ಟು, ಒಂದು ಹಳೆಯ ಬಟ್ಟೆ ತೆಗೆದುಕೊಂಡು, ಕೆರೆಯಂಗಳದ ಕಡೆಗಲ್ಲ, ಕೆಳಗೇರಿಯ ಕಡೆಗೆ ಹೊರಟಳು. ಹನುಮಕ್ಕನ ಬಾಗಿಲಲ್ಲಿ ನಿಂತು, ತೊಳೆಯುವ ಪಾಳಿ ಯಾವ ಬೀದಿಯಿಂದ ಶುರುವಾಗಬೇಕೆಂದು ಕೇಳಬೇಕಾಗಿತ್ತು. ಮೂರು ವರ್ಷದ ಹಿಂದೆಯೇ ಕೇಳಬೇಕಾಗಿತ್ತು. ಹನುಮಕ್ಕ ಬಾಗಿಲು ತೆರೆದಳೋ ಇಲ್ಲವೋ, ಅದನ್ನು ಹೇಳಿ ನಿಮ್ಮ ಮನಸ್ಸನ್ನು ಹಗುರ ಮಾಡಲು ಈ ಕಥೆಗೆ ಇಷ್ಟವಿಲ್ಲ.

ಇಪ್ಪತ್ತೊಂದು ಊರುಗಳಲ್ಲಿ ಗಂಟಿಗಳು ಈಗ ಯಂತ್ರಗಳಿಗೆ ಪಾಠ ಹೇಳುತ್ತಿದ್ದಾರೆ. ನಿಮ್ಮೂರಿನಲ್ಲೂ 'ಎಲ್ಲರದು' ಎಂದು ಕರೆಸಿಕೊಳ್ಳುವ ಏನಾದರೊಂದು ಇದ್ದೇ ಇದೆ. ಕೆರೆ, ನಲ್ಲಿ, ದೀಪ, ಇಲ್ಲವೇ ಸಂಘ. ಪುಸ್ತಕ ಮಡಿಚಿಡಿ. ಇಂದೇ, ಬೆಳಕಿರುವಾಗಲೇ ಹೋಗಿ, ಕೊರತೆ ಬಂದಾಗ ಮೊದಲು ಕಟ್ಟುವುದು ಯಾರ ತೂಬನ್ನೆಂದು ಕೇಳಿ. ಆ ಪಟ್ಟಿಯನ್ನು ಊರೆಲ್ಲ ಸೇರಿದ ಕಡೆ ಗಟ್ಟಿಯಾಗಿ ಓದಿಸಿ. ಓದಿ ಮುಗಿದು ಕೈ ಎತ್ತಿಸುವಾಗ, ನಿಮ್ಮ ಬೀದಿಯಿಂದ ಒಂದೇ ಒಂದು ಕೈ ಏಳುವುದಾದರೂ, ಅದು ನಿಮ್ಮದಾಗಿರಲಿ.